ಹಡಗಿನ ಎದುರಿನ ಬೆಂಚು

ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ ಪ್ರವಾಸದ ವರದಿ ಬರೆಯುವುದು ಕನ್ನಡ ಟೀಚರ್ ಕೆಲಸ, ಅಂದರೆ ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ಬರೆಯುತ್ತಾ ಬಂದಿದ್ದೇನೆ. ಜಾಗವೂ ಬದಲಾಗಿಲ್ಲ. ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಇನ್ನೂ ಮುಂದೆ ಹೋದರೆ ಸಿಗುವ ಅದೇ ಅಮ್ಯೂಸ್‌ಮೆಂಟ್ ಪಾರ್ಕು. ಮಕ್ಕಳು ಬದಲಾಗುತ್ತಾರೆ, ಯೂನಿಫಾರಂ ಎರಡು ಸಲ ಬದಲಾಗಿದೆ, ನನ್ನ ವರದಿ ಮಾತ್ರ ‘ಮುಂಜಾನೆಯ ತಂಪಾದ ಗಾಳಿಯಲ್ಲಿ ನಮ್ಮ ಬಸ್ಸು ಹೊರಟಿತು’ ಎಂದೇ ಶುರುವಾಗುತ್ತದೆ. ಗಾಳಿ ಎಲ್ಲಿಂದ ಬರಬೇಕು? ಬಸವೇಶ್ವರನಗರದಿಂದ ನಾಯಂಡಹಳ್ಳಿ ದಾಟುವುದರೊಳಗೆ ಹೊಗೆ ಕುಡಿದು ನಾಲ್ಕು ಮಕ್ಕಳು ವಾಂತಿ ಮಾಡಿಕೊಂಡಿರುತ್ತಾರೆ.

ಈ ವರ್ಷ ನಮ್ಮ ಹೆಡ್‌ಮಿಸ್ ಕರೆದು ಹೇಳಿದರು. “ಮಿಸ್, ಸ್ವಲ್ಪ ಡಿಫರೆಂಟಾಗಿ ಬರೀರಿ. ಆ ಪಾರ್ಕು ಯಾಕೆ ಬೆಸ್ಟು, ಆಲ್‌ರೌಂಡ್ ಎಕ್ಸ್‌ಪೀರಿಯೆನ್ಸ್ ಅಂತಾರಲ್ಲ, ಆ ಥರ. ಪೇರೆಂಟ್ಸ್ ಓದ್ತಾರೆ.”

ನಾನು “ಆಯ್ತು ಮೇಡಂ” ಎಂದು ಬಂದುಬಿಟ್ಟೆ. ಆಗಲ್ಲ ಅನ್ನುವುದಕ್ಕೂ ಮೈಯಲ್ಲಿ ಶಕ್ತಿ ಬೇಕು. ಸಂಚಿಕೆಗೆ ಬೇಕಾದ್ದನ್ನು ನಾಳೆಯೋ ನಾಡಿದ್ದೋ ಗೀಚಿ ಕೊಡುತ್ತೇನೆ. ಇದು ಅಲ್ಲಿ ಬರೆಯಲಾಗದ್ದು.

ವಿಷಯ ಏನೆಂದರೆ, ಆ ಪಾರ್ಕಿನಲ್ಲಿ ನಾನು ಒಂದೇ ಒಂದು ಆಟವನ್ನೂ ಆಡಿರಲಿಲ್ಲ. ಮೊದಲನೇ ವರ್ಷ ಪ್ರವಾಸದ ದಿನ ನನಗೆ ಸಣ್ಣಗೆ ಜ್ವರ ಇತ್ತು. “ನೀವು ಕೂತ್ಕೊಂಡು ಬ್ಯಾಗ್ ನೋಡ್ಕೊಳ್ಳಿ ಮಿಸ್” ಎಂದರು. ಕೂತೆ. ಮರುವರ್ಷ ಜ್ವರ ಇರಲಿಲ್ಲ, ಆದರೂ ಮಕ್ಕಳೆಲ್ಲ ಬಂದು ನನ್ನ ಮುಂದೆಯೇ ಬ್ಯಾಗು ಗುಡ್ಡೆ ಹಾಕಿದರು. ಮೂರನೇ ವರ್ಷದ ಹೊತ್ತಿಗೆ ನನ್ನ ಹೆಸರೇ ಬ್ಯಾಗ್ ಮಿಸ್ ಆಗಿತ್ತು. ಲಾಕರ್ ಇಲ್ಲವೇ ಅಂದರೆ ಇದೆ, ಆದರೆ ಅರವತ್ತು ಎಪ್ಪತ್ತು ಮಕ್ಕಳ ಕೈಗೆ ಬೀಗದ ಕೈ ಕೊಟ್ಟು ಉಳಿಸಿಕೊಳ್ಳುವವರು ಯಾರು? ಬ್ಯಾಗು, ಚಪ್ಪಲಿ, ಕನ್ನಡಕ, ವಾಚು, ಕತ್ತಿನ ಸರ, ಕಿವಿಯ ರಿಂಗು, ಎಲ್ಲಾ ನನ್ನ ಮಡಿಲಿಗೆ. ಒಬ್ಬಳು ಒಮ್ಮೆ ಆಗ ತಾನೇ ಉದುರಿದ ಹಲ್ಲನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿ ತಂದು, “ಮಿಸ್, ಜೋಪಾನ” ಎಂದು ಕೊಟ್ಟು ಓಡಿದ್ದಳು. ಸಂಜೆವರೆಗೂ ಆ ಹಲ್ಲನ್ನು ಮುಷ್ಟಿಯಲ್ಲಿಟ್ಟುಕೊಂಡು ಕೂತಿದ್ದೇನೆ.

ಹಾಗಾಗಿ ಪಾರ್ಕು ಯಾಕೆ ಬೆಸ್ಟು ಎಂದು ಕೇಳಿದರೆ ನನ್ನ ಉತ್ತರ ಬೇರೆ. ರೈಡು ಎಷ್ಟು ಎತ್ತರ, ಎಷ್ಟು ವೇಗ, ಯಾರಿಗೆ ಬೇಕು? ಬೆಂಚು ಎಲ್ಲಿದೆ ಹೇಳಿ. ಬೆಂಚಿಗೆ ಬೆನ್ನು ಒರಗಿಸುವ ಹಲಗೆ ಇದೆಯೋ ಇಲ್ಲವೋ ಹೇಳಿ. ಮಧ್ಯಾಹ್ನ ಹನ್ನೆರಡಕ್ಕಿದ್ದ ನೆರಳು ಎರಡು ಗಂಟೆಗೂ ಅಲ್ಲೇ ಇರುತ್ತದೆಯೇ? ಹೆಂಗಸರ ಟಾಯ್ಲೆಟ್ಟಿಗೆ ಬ್ಯಾಗುಗಳ ಮೇಲೊಂದು ಕಣ್ಣಿಟ್ಟೇ ಓಡಿ ಬರಬಹುದೇ? ಒಂದು ತಟ್ಟೆ ಮೊಸರನ್ನ ಸಿಗುತ್ತದೆಯೇ, ಇಲ್ಲಾ ಬರೀ ಪಿಜ್ಜಾ ನೂಡಲ್ಸೇ? ಇಷ್ಟು ಸರಿಯಿದ್ದರೆ ಅದು ಜಗತ್ತಿನ ಅತ್ಯುತ್ತಮ ಪಾರ್ಕು. ಹುಡುಕಿ ಹುಡುಕಿ ಅಂಥದ್ದೊಂದು ಜಾಗ ಮಾಡಿಕೊಂಡಿದ್ದೆ. ತೂಗುವ ಹಡಗಿನ ಎದುರು ಹೊಂಗೆ ಮರದ ಕೆಳಗೊಂದು ಸಿಮೆಂಟು ಬೆಂಚು. ಹಡಗು ಅಂದರೆ ನಿಜವಾದ ಹಡಗಲ್ಲ. ದೊಡ್ಡ ದೋಣಿಯ ಆಕಾರದ್ದೊಂದನ್ನು ಕಂಬಕ್ಕೆ ತೂಗುಹಾಕಿರುತ್ತಾರೆ, ಅದು ಆ ಕಡೆ ಈ ಕಡೆ ಜೀಕುತ್ತಾ ಜೀಕುತ್ತಾ ಮುಗಿಲಿಗೆ ಹೋಗುತ್ತದೆ. ಹತ್ತೊಂಬತ್ತು ವರ್ಷ ಅದರಲ್ಲಿ ಕೂತವರ ಕಿರುಚಾಟ ಕೇಳಿದ್ದೇನೆ. ಕಣ್ಣು ಮುಚ್ಚಿಕೊಂಡೇ ಈಗ ಎಷ್ಟು ಎತ್ತರ ಹೋಗಿದೆ ಎಂದು ಹೇಳಬಲ್ಲೆ.

ಇಷ್ಟೇ ಆಗಿದ್ದರೆ ಯಾವ ರಗಳೆಯೂ ಇರಲಿಲ್ಲ. ನಾನು ಮನೆಯಲ್ಲಿ ಸುಳ್ಳು ಹೇಳಿದ್ದೆ.

ಮನೆಯೆಂದರೆ ಗೋವಿಂದರಾಜನಗರದಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ, ನಾನು ಮತ್ತು ಅವ್ವ. ನನಗೆ ಮದುವೆಯಾಗಲಿಲ್ಲ. ಅಪ್ಪ ಹೋದ ಮೇಲೆ, ನನಗೆ ಇಲ್ಲಿ ಶಾಲೆಯಲ್ಲಿ ಕೆಲಸ ಸಿಕ್ಕಾಗ, ರಾಣೆಬೆನ್ನೂರು ಕಡೆಯ ನಮ್ಮ ಹಳ್ಳಿಯಿಂದ ಅವ್ವ ಎರಡು ಟ್ರಂಕು, ಒಂದು ರೊಟ್ಟಿ ಹಂಚು ಹಿಡಿದು ನನ್ನ ಜೊತೆ ಬಂದುಬಿಟ್ಟಳು. ಈಗ ಎಪ್ಪತ್ತೆರಡು. ಇಪ್ಪತ್ತು ವರ್ಷದ ಮೇಲಾಯಿತು, ಈ ಊರಿನ ಒಂದು ಮಾತೂ ಅವಳ ನಾಲಗೆಗೆ ಅಂಟಿಲ್ಲ. ಕೆಳಗಿನ ಮನೆಯವರು “ಏನ್ ಆಂಟಿ, ಊಟ ಆಯ್ತಾ” ಎಂದರೆ ಇವಳು “ಆತ್ರೀ, ನಿಮ್ಮದು?” ಎನ್ನುತ್ತಾಳೆ.

ಅವ್ವನಿಗೆ ಓದಲು ಬರುವುದಿಲ್ಲ. ಶಾಲೆಯ ಸಂಚಿಕೆ ಬಂದ ದಿನ ನಾನು ಬರೆದದ್ದನ್ನು ಓದಿಸಿಕೊಂಡು ಕೇಳುವುದು ಅವಳಿಗೊಂದು ಹಬ್ಬ. ಮೊದಲನೇ ವರ್ಷ, ಹಡಗು ಆಕಾಶಕ್ಕೇರಿದ್ದನ್ನು ನಾನು ಓದುತ್ತಿದ್ದಾಗ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿ ಕೇಳಿದಳು.

“ನೀನೂ ಕುಂತಿದ್ದೇನು ಅದರಾಗ?”

ಅವಳ ಮುಖ ನೋಡಿದೆ. ಇಲ್ಲ, ದಿನವಿಡೀ ಬ್ಯಾಗು ಕಾಯುತ್ತಾ ಕೂತಿದ್ದೆ ಎಂದು ಹೇಗೆ ಹೇಳುವುದು? ಮಗಳು ಟೀಚರಾಗಿದ್ದಾಳೆ ಎಂದು ಊರೆಲ್ಲ ಹೇಳಿಕೊಂಡು ಬಂದವಳು. “ಹೂಂ” ಎಂದುಬಿಟ್ಟೆ.

“ಹೆಂಗಿತ್ತು?”

“ಜೋಕಾಲಿ ಇದ್ದಂಗ ಇರತೈತಿ ಅವ್ವಾ. ಪಂಚಮಿ ಜೋಕಾಲಿ. ಆದ್ರ ಐವತ್ತು ಮಂದಿ ಒಮ್ಮೆಲೆ ಕುಂದರತಾರ.”

ಅದೇ ನಾನು ಮಾಡಿದ ತಪ್ಪು. ಬೇರೆ ಏನು ಹೇಳಿದ್ದರೂ ನಡೆಯುತ್ತಿತ್ತು, ನಮ್ಮ ಕಡೆಯ ಹೆಂಗಸಿನ ಮುಂದೆ ಜೋಕಾಲಿಯ ಹೆಸರು ಎತ್ತಬಾರದಿತ್ತು. ನಮ್ಮೂರ ಕಡೆ ಶ್ರಾವಣದಲ್ಲಿ ನಾಗರಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಗಂಡನ ಮನೆಗೆ ಹೋದವರೆಲ್ಲ ತವರಿಗೆ ಬರುತ್ತಾರೆ, ನಾಗಪ್ಪನಿಗೆ ಹಾಲೆರೆದು, ಉಂಡಿ ತಿಂದು, ಬೇವಿನ ಮರಕ್ಕೋ ಹುಣಸೆ ಮರಕ್ಕೋ ಹಗ್ಗದ ಜೋಕಾಲಿ ಕಟ್ಟಿಸಿಕೊಂಡು ಆಡುತ್ತಾರೆ. ಮುದುಕಿಯರೂ ಬಿಡುವುದಿಲ್ಲ. ಅವ್ವ ಅದರಲ್ಲಿ ಎತ್ತಿದ ಕೈ. ಹಗ್ಗದ ಮೇಲೆ ನಿಂತು ಜೀಕಿ, ಮೇಲಿನ ಕೊಂಬೆಯ ಎಲೆಯನ್ನು ಹಲ್ಲಿನಲ್ಲಿ ಕಿತ್ತುಕೊಂಡು ಬರುತ್ತಿದ್ದಳಂತೆ. ನಾನು ಕಂಡಿದ್ದು ಅವಳು ನನ್ನನ್ನು ಕೂರಿಸಿ ತೂಗುತ್ತಿದ್ದುದನ್ನು. ಬೆನ್ನ ಮೇಲೆ ಎರಡೂ ಅಂಗೈ ಇಟ್ಟು ತಳ್ಳುತ್ತಿದ್ದಳು, “ಗಟ್ಟಿ ಹಿಡಕೋ, ಬಿದ್ದಿ ಅಂದ್ರ ಬಡೀತೀನಿ” ಎಂದು ಕೂಗುತ್ತಿದ್ದಳು.

ಗೋವಿಂದರಾಜನಗರದಲ್ಲಿ ಜೋಕಾಲಿ ಎಲ್ಲಿ ಕಟ್ಟುವುದು? ನಮ್ಮ ರಸ್ತೆಯಲ್ಲಿ ಇರುವುದು ಒಂದು ಸಂಪಿಗೆ ಮರ, ಅದರ ಕೊಂಬೆಗೆ ಕೇಬಲ್ ತಂತಿ ಸುತ್ತಿದ್ದಾರೆ.

ಅಂದಿನಿಂದ ಪ್ರತಿ ವರ್ಷ ಪ್ರವಾಸ ಮುಗಿಸಿ ಬಂದರೆ ಅವ್ವನ ಪ್ರಶ್ನೆ ಒಂದೇ. “ಈ ಸಲಾನೂ ಕುಂತಿದ್ದೇನು?” ಹೂಂ ಅವ್ವಾ. “ಅಂಜಿಕಿ ಬರಲಿಲ್ಲಾ?” ಇಲ್ಲವ್ವಾ. ಹದಿನೆಂಟು ಸಲ ಅದೇ ಹೂಂ. ಕೊನೆಕೊನೆಗೆ ಆ ಪ್ರಶ್ನೆ ಕೇಳಿದರೆ ಸಿಟ್ಟು ಬರುತ್ತಿತ್ತು. ಬೆನ್ನು ಸಿಡಿಯುತ್ತಿರುತ್ತದೆ, ಬಿಸಿಲಿಗೆ ತಲೆ ಸಿಡಿಯುತ್ತಿರುತ್ತದೆ, ಬಿಸಿನೀರಿಗೆ ಕಾಲಿಟ್ಟು ಸುಮ್ಮನೆ ಕೂರೋಣ ಎಂದರೆ ಇವಳಿಗೆ ಹಡಗಿನದೇ ಚಿಂತೆ.

ಕಳೆದ ಶ್ರಾವಣಕ್ಕೆ ಒಂದು ತಿಂಗಳಿರುವಾಗ ಅವ್ವ ಹೊಸ ರಾಗ ತೆಗೆದಳು. “ಈ ಪಂಚಮಿಗೆ ನನ್ನ ಅಲ್ಲಿಗೆ ಕರಕೊಂಡು ಹೋಗು.”

“ಎಲ್ಲಿಗೆ?”

“ನಿನ್ನ ಹಡಗಿಗೆ. ಒಮ್ಮೆ ಕುಂದ್ರತೀನಿ. ಇನ್ನ ಎಷ್ಟ್ ಪಂಚಮಿ ನೋಡ್ತೀನೋ ಏನೋ.”

ಮೊದಲು ತಮಾಷೆ ಮಾಡಿದೆ, ಆಮೇಲೆ ಮೊಣಕಾಲು ನೋವಿನ ನೆಪ ಹೇಳಿದೆ, ಆಮೇಲೆ ರೇಗಿದೆ. “ನಿನಗ ಬ್ಯಾರೆ ಕೆಲಸ ಇಲ್ಲೇನವ್ವಾ? ನನಗ ವಾರಕ್ಕ ಸಿಗೂದು ಒಂದ್ ಐತವಾರ, ಅದರಾಗ ಪೇಪರ್ ತಿದ್ದಬೇಕು, ಬಟ್ಟಿ ಒಗೀಬೇಕು. ಇನ್ನ ಹಡಗ ಹತ್ತಾಕ ಹೋಗಬೇಕಾ ನಾನು?” ನಾಲ್ಕು ದಿನ ಬಿಟ್ಟು ಮತ್ತೆ ಅದೇ ಮಾತು. ಅವಳ ಹಟ ಗೊತ್ತಿದ್ದವರಿಗೇ ಗೊತ್ತು.

ಕೊನೆಗೆ ಪಂಚಮಿಯ ದಿನಕ್ಕೆ ಒಂದು ಸಿಎಲ್ ರಜೆ ಬರೆದೆ. “ಹಬ್ಬಕ್ಕೆ ಊರಿಗಾ ಮಿಸ್?” ಎಂದು ಹೆಡ್‌ಮಿಸ್ ಕೇಳಿದಾಗ ಹೌದು ಎಂದೆ. ಇಷ್ಟು ಸುಳ್ಳಿನ ಜೊತೆ ಅದೂ ಒಂದು. ನನ್ನ ಲೆಕ್ಕಾಚಾರ ಇಷ್ಟೇ ಇತ್ತು. ಹೋಗುವುದು, ಅವ್ವನ ಜೊತೆ ಕಣ್ಣು ಮುಚ್ಚಿಕೊಂಡು ಹಡಗು ಹತ್ತುವುದು, ದಿನಾ ಹತ್ತುವವಳ ಹಾಗೆ ಮುಖ ಮಾಡಿಕೊಂಡು ಇಳಿಯುವುದು. ಎತ್ತರ ಕಂಡರೆ ನನಗೆ ಭಯ ಎಂಬುದು ಅವಳಿಗೆ ಗೊತ್ತಾಗದಂತೆ ನೋಡಿಕೊಂಡರೆ ಸಾಕು.

ಪಂಚಮಿಯ ಬೆಳಿಗ್ಗೆ ಅವ್ವ ನಾಲ್ಕಕ್ಕೇ ಎದ್ದು ಸ್ನಾನ ಮುಗಿಸಿದ್ದಳು. ದಿನದಂತೆ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅಂಗೈ ಮೇಲಿಟ್ಟುಕೊಂಡು ಪೂಜೆ ಮಾಡಿದಳು. ಆ ಬೆಳ್ಳಿಯ ಕರಡಿಗೆ ಅವಳ ಎದೆಯ ಮೇಲೆ ದಾರದಲ್ಲಿ ಸದಾ ಇರುತ್ತದೆ. ಲಿಂಗ ಕಟ್ಟಿದ ಮೇಲೆ ಮಣ್ಣಾಗುವ ತನಕ ಅದು ಮೈ ಬಿಟ್ಟು ಹೋಗಬಾರದು ಎಂಬುದು ನಮ್ಮಲ್ಲಿನ ಕಟ್ಟು. ನನ್ನದು ದೇವರ ಜಗಲಿಯ ಮೇಲಿದೆ. ಶಾಲೆಗೆ ಸೇರಿದ ಹೊಸದರಲ್ಲಿ ತೆಗೆದಿಟ್ಟವಳು ಮತ್ತೆ ಹಾಕಿಕೊಳ್ಳಲಿಲ್ಲ. ಆ ವಿಷಯಕ್ಕೆ ಅವ್ವ ಒಂದು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಆಮೇಲೆ ನನ್ನ ಲಿಂಗಕ್ಕೂ ತಾನೇ ಎರಡು ಪತ್ರೆ ಏರಿಸತೊಡಗಿದಳು.

ನಾಗಪ್ಪನ ಚಿತ್ರಕ್ಕೆ ಹಾಲೆರೆದು ಹೊರಟೆವು. ಹಸಿರು ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಉಂಡಿ ತುಂಬಿದ ಡಬ್ಬಿ. ನನ್ನ ಜಡೆಗೆ ತಾನೇ ಒಂದು ಮೊಳ ಮಲ್ಲಿಗೆ ಮುಡಿಸಿದಳು. ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಯಲ್ಲಿ ಇಳಿದು ಬಸ್ಸು ಹಿಡಿದೆವು. ಮೆಟ್ರೋದಲ್ಲಿ ಎಲ್ಲರೂ ಮೊಬೈಲಿನೊಳಗೆ ತಲೆ ಹಾಕಿದ್ದರು, ಅವ್ವ ಪಕ್ಕದ ಹುಡುಗಿಗೆ “ಹಡಗಿಗೆ ಹೊಂಟೇವಿ” ಎಂದಳು. ಆ ಹುಡುಗಿ ಕಿವಿಯಿಂದ ವೈರು ತೆಗೆದು “ಹಾಂ ಅಜ್ಜಿ?” ಎಂದಿತು. ಅವ್ವ ಮತ್ತೊಮ್ಮೆ ಹೇಳಿದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಪಾರ್ಕಿನ ಗೇಟಿನಲ್ಲಿ ಸೆಕ್ಯೂರಿಟಿಯ ಹೆಂಗಸು ಡಬ್ಬಿ ಹಿಡಿದುಕೊಂಡಳು. “ಅಜ್ಜಿ, ಹೊರಗಿನ ಊಟ ಬಿಡಲ್ಲ.”

“ಊಟ ಅಲ್ಲವಾ ಇದು, ಪಂಚಮಿ ಉಂಡಿ. ನಿನ್ನ ತವರು ಎಲ್ಲಿ?”

“ಮಾಗಡಿ, ಅಜ್ಜಿ.”

“ಹಬ್ಬಕ್ಕ ಹೋಗಲಿಲ್ಲಾ?”

“ಡ್ಯೂಟಿ ಇದೆ ಅಜ್ಜಿ, ರಜಾ ಕೊಡಲ್ಲ.”

ಅವ್ವ ಅಲ್ಲೇ ಡಬ್ಬಿ ತೆಗೆದು ಅವಳ ಕೈಗೆ ಎರಡು ಶೇಂಗಾ ಉಂಡಿ, ಎರಡು ಎಳ್ಳುಂಡಿ ಇಟ್ಟಳು. ಲಂಚ ಅನ್ನಿ ಬೇಕಾದರೆ. ಡಬ್ಬಿಯನ್ನು ಮಾತ್ರ ಅವಳು ಒಳಗೆ ಬಿಡಲಿಲ್ಲ, ತನ್ನ ಮೇಜಿನ ಕೆಳಗೆ ಇಟ್ಟುಕೊಂಡು “ಹೋಗುವಾಗ ಈಸ್ಕೊಳ್ಳಿ ಅಜ್ಜಿ” ಎಂದಳು. ಅವ್ವ ನನ್ನ ಕಡೆ ತಿರುಗಿ, “ಪಾಪ, ಹಬ್ಬದ ದಿನಾನೂ ಮಂದಿ ಚೀಲ ನೋಡಕೋಂತ ನಿಂತಾಳ” ಎಂದಳು. ನಾನು ಬೇಗ ಬೇಗ ಮುಂದೆ ನಡೆದೆ.

ಒಳಗೆ ಹಬ್ಬದ ದಿನವಾದರೂ ಜನ ಕಡಿಮೆ ಇದ್ದರು. ಅವ್ವನಿಗೆ ಎಲ್ಲವನ್ನೂ ನಿಂತು ನೋಡಬೇಕು. ನೀರಿನಾಟದ ಕೊಳದಲ್ಲಿ ನೈಲಾನ್ ಚಡ್ಡಿ ಹಾಕಿಕೊಂಡು ಬಿದ್ದುಕೊಂಡಿದ್ದ ಗಂಡಸರನ್ನು ಕಂಡು “ಎಮ್ಮಿ ಬಿಟ್ಟಂಗ ಆಗೇತಿ” ಎಂದು ಜೋರಾಗಿಯೇ ಹೇಳಿ ನಕ್ಕಳು. ಸುತ್ತುವ ಕುದುರೆಗಳ ಹತ್ತಿರ ಹದಿನೈದು ನಿಮಿಷ ನಿಂತಳು. ನಡುನಡುವೆ ಮೊಣಕಾಲು ಹಿಡಿದುಕೊಂಡು ಕೂರುತ್ತಿದ್ದಳು. ಅವಳ ಜೊತೆ ನಾನೂ ಕೂತು ಏಳುತ್ತಾ ಏಳುತ್ತಾ ಸುಸ್ತಾಗಿ ಹೋದೆ. ರಜೆ ಹಾಕಿ ಬಂದರೂ ನನ್ನ ಪಾಲಿಗೆ ಅದೇ ಪಾರ್ಕು, ಅದೇ ಬಿಸಿಲು, ಅದೇ ಇನ್ನೊಬ್ಬರನ್ನು ನೋಡಿಕೊಳ್ಳುವ ಕೆಲಸ. ಇಲ್ಲೇ ಯಾವುದಾದರೂ ನೆರಳಲ್ಲಿ ಮಲಗಿಬಿಡಲೇ ಅನ್ನಿಸುತ್ತಿತ್ತು.

ಮಧ್ಯಾಹ್ನದ ಮೊಸರನ್ನ ಉಂಡ ಮೇಲೆ ಹಡಗಿಗೆ ಹೋದೆವು. ಕ್ಯೂನಲ್ಲಿ ಹತ್ತು ಹದಿನೈದು ಜನ. ಅವ್ವ ತಲೆಯೆತ್ತಿ ಹಡಗನ್ನೇ ನೋಡುತ್ತಿದ್ದಳು. ಅದು ಮೇಲೆ ಹೋದಾಗ ಅವಳ ಬಾಯಿ ತೆರೆಯುತ್ತಿತ್ತು, ಕೆಳಗೆ ಬಂದಾಗ ಮುಚ್ಚುತ್ತಿತ್ತು. “ಥೇಟ್ ನಮ್ಮ ಜೋಕಾಲಿನ” ಎಂದಳು. ಅವಳ ಮುಖದ ಮೇಲೆ ಅಂಥ ಸಂತೋಷವನ್ನು ನಾನು ಯಾವ ಕಾಲದಲ್ಲಿ ಕಂಡಿದ್ದೆನೋ. ಹೆದರಿಕೆ ಹಾಗೇ ಇತ್ತು, ಆದರೂ ಕರೆದುಕೊಂಡು ಬಂದದ್ದು ಒಳ್ಳೆಯದಾಯಿತು ಅನ್ನಿಸಿತು.

ನಮ್ಮ ಸರದಿ ಬಂತು. ಮೆಟ್ಟಿಲ ಬಳಿ ನಿಂತಿದ್ದ ಆಪರೇಟರು ಬಾಯಿಪಾಠದಂತೆ ಹೇಳುತ್ತಿದ್ದ. “ಚೈನು, ವಾಚು, ಕನ್ನಡಕ, ಕತ್ತಲ್ಲಿರೋದೆಲ್ಲಾ ಬಿಚ್ಚಿಡಿ. ಬಿಚ್ಚಿಟ್ಟು ಬನ್ನಿ.”

ಆ ಮಾತನ್ನು ಅದೇ ಬೆಂಚಿನ ಮೇಲೆ ಕೂತು ಎಷ್ಟು ಸಾವಿರ ಸಲ ಕೇಳಿದ್ದೇನೋ ದೇವರೇ ಬಲ್ಲ. ಆ ಮಾತು ಕೇಳಿಯೇ ಮಕ್ಕಳು ಓಡಿ ಬಂದು ಕತ್ತಿನ ಸರ ಬಿಚ್ಚಿ ನನ್ನ ಮಡಿಲಿಗೆ ಹಾಕುತ್ತಿದ್ದುದು. ಆದರೂ ಒಂದು ತಿಂಗಳಿಂದ ನನ್ನ ಸುಳ್ಳನ್ನು ಹೇಗೆ ಮುಚ್ಚುವುದು ಎಂದು ಯೋಚಿಸಿದವಳಿಗೆ ಅವ್ವನ ಕೊರಳು ಒಮ್ಮೆಯೂ ನೆನಪಾಗಲಿಲ್ಲ. ಎಂಥಾ ಬುದ್ಧಿಗೇಡಿ ನಾನು!

“ಅಜ್ಜಿ, ಕತ್ತಲ್ಲಿ ಏನೋ ಇದೆಯಲ್ಲ, ಅದನ್ನ ಬಿಚ್ಚಿ ಅಕ್ಕನ ಹತ್ರ ಕೊಡಿ” ಎಂದ ಆಪರೇಟರು.

“ಇದು ಲಿಂಗ ತಮ್ಮಾ. ಬಿಚ್ಚಂಗಿಲ್ಲ.”

“ದೇವರದಾ? ಆಮೇಲೆ ಹಾಕ್ಕೊಬಹುದಲ್ಲ ಅಜ್ಜಿ. ಐದೇ ನಿಮಿಷ.”

“ಐದ್ ನಿಮಿಷನೂ ಇಲ್ಲ. ಒಳಗ ಸಿಗಿಸ್ಕೊಂತೀನಿ ತಗೋ” ಎಂದು ಅವ್ವ ಕರಡಿಗೆಯನ್ನು ರವಿಕೆಯೊಳಗೆ ಸೇರಿಸಿ ಸೆರಗು ಬಿಗಿಯಾಗಿ ಹೊದ್ದು ಸೊಂಟಕ್ಕೆ ಸಿಕ್ಕಿಸಿದಳು.

ನಾನು ಮಧ್ಯೆ ಬಾಯಿ ಹಾಕಿದೆ. “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್. ವಯಸ್ಸಾದವರು, ಹಬ್ಬದ ದಿನ ಆಸೆಪಟ್ಟು ಬಂದಿದಾರೆ. ಎಷ್ಟು ದೂರದಿಂದ ಬಂದಿದೀವಿ ಗೊತ್ತಾ ನಿಮಗೆ?” ಗೋವಿಂದರಾಜನಗರದಿಂದ ಬಂದವಳು ಬೀದರಿನಿಂದ ಬಂದವಳ ಹಾಗೆ ಜಗಳಕ್ಕೆ ನಿಂತಿದ್ದೆ.

ಅವನು ಒಳ್ಳೆಯವನೇ. ದನಿ ಏರಿಸಲಿಲ್ಲ. “ಮೇಡಂ, ನಂಗೇನೂ ಇಲ್ಲ, ರೂಲ್ಸು ಅದು. ಅಜ್ಜಿ, ನೀವೇ ಹೇಳಿ. ಅಷ್ಟು ಎತ್ತರ ಹೋದಾಗ ದಾರ ಕಿತ್ತುಹೋಗಿ ಕೆಳಗೆ ಬಿದ್ಬಿಟ್ರೆ?”

ಅವ್ವನ ಕೈ ತಟ್ಟನೆ ಎದೆಯ ಮೇಲೆ ಹೋಯಿತು. ಲಿಂಗ ನೆಲಕ್ಕೆ ಬೀಳುವುದು ಅಂದರೆ ಏನು ಎಂದು ಅವನಿಗೆ ಗೊತ್ತಿರಲಿಕ್ಕಿಲ್ಲ. ಅವಳಿಗೆ ಅದಕ್ಕಿಂತ ಸಾವು ಸಲೀಸು.

“ಖರೇ ಹೇಳಿದಿ ತಮ್ಮಾ” ಎಂದಳು ಅವ್ವ. “ಜ್ವಾಕಿ ಮಾಡಿ ಹೇಳಿದಿ. ನನ್ನ ತಲ್ಯಾಗ ಬರಲಿಲ್ಲ ನೋಡು.” ಮೆಟ್ಟಿಲಿನಿಂದ ಕಾಲು ತೆಗೆದು ಹಿಂದೆ ತಿರುಗಿದಳು.

ನಾನು ಅವಳ ಹಿಂದೆ ಬಂದೆ. ಎಲ್ಲಿಗೆ ಹೋಗುವುದು ಎಂದು ಕಾಲಿಗೆ ಗೊತ್ತಿತ್ತು. ಹೊಂಗೆ ಮರದ ಕೆಳಗಿನ ನನ್ನ ಬೆಂಚಿಗೆ ಹೋಗಿ ಕೂತೆವು. ಅವ್ವ ರವಿಕೆಯಿಂದ ಕರಡಿಗೆ ಹೊರತೆಗೆದು, ಕಣ್ಣಿಗೊತ್ತಿಕೊಂಡು, ಎದೆಯ ಮೇಲೆ ಬಿಟ್ಟುಕೊಂಡಳು. ನಮ್ಮೆದುರು ಹಡಗು ಜೀಕತೊಡಗಿತು. ಅವ್ವ ಅದನ್ನು ನೋಡುತ್ತಾ ಕೂತಳು, ಮೊದಲಿನಂತೆ ಬಾಯಿ ತೆರೆಯಲಿಲ್ಲ. ನನಗೆ ಅಳು ಬಂದುಬಿಟ್ಟಿತು. ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ, ಅದನ್ನೂ ನನ್ನಿಂದ ಕೊಡಲಾಗಲಿಲ್ಲ.

“ನೀ ಯಾಕ ಬಂದಿ? ನೀ ಹೋಗು. ನಿನ್ನ ಕೊಳ್ಳಾಗ ಏನೂ ಇಲ್ಲಲಾ” ಎಂದಳು.

“ನಾ ಒಲ್ಲೆ ಅವ್ವಾ.”

“ಯಾಕ? ವರ್ಷಾ ಕುಂದರತಿದ್ದಿ.”

ಇನ್ನು ಸಾಕು ಅನ್ನಿಸಿತು. ಸುಳ್ಳು ಹೇಳಿ ಹೇಳಿ ನಾನು ದಣಿದಿದ್ದೆ. “ಇಲ್ಲವ್ವಾ. ನಾ ಒಮ್ಮೆನೂ ಕುಂತಿಲ್ಲ. ಈ ಬೆಂಚಿನ ಮ್ಯಾಲೆ ಕುಂತು ಹುಡುಗೂರ ಚೀಲ ಕಾಯ್ತಿದ್ದೆ. ಎಲ್ಲಾ ವರ್ಷ ಇಲ್ಲೇ.”

ಅವ್ವ ನನ್ನ ಕಡೆ ತಿರುಗಲೂ ಇಲ್ಲ. “ಗೊತ್ತೈತಿ” ಎಂದಳು.

“ಏನು ಗೊತ್ತೈತಿ?”

“ಮೊದಲನೇ ವರ್ಷದಿಂದ ಗೊತ್ತೈತಿ. ಮುಂಜಾನೆ ನಾ ಹೆಣೆದ ಜಡಿ ಸಂಜಿಗೆ ಹಂಗ ಇರತಿತ್ತು. ಮುಡಿಸಿದ ಹೂವು ಅಲ್ಲೇ ಬಾಡಿರತಿತ್ತು. ಜೋಕಾಲಿ ಆಡಿ ಬಂದಾಕಿ ತಲಿ ಹಂಗ ಇರತೈತೇನು? ನನಗ ಹೇಳ್ತೀಯಾ ನೀನು!”

ಹತ್ತೊಂಬತ್ತು ವರ್ಷ ಅವಳು “ಹೆಂಗಿತ್ತು?” ಎಂದು ಕೇಳಿದ್ದು, ನಾನು ಹೂಂ ಹೂಂ ಎಂದಿದ್ದು, ಅವಳು ರೊಟ್ಟಿ ತಟ್ಟುತ್ತಾ ನನ್ನ ಜಡೆ ನೋಡಿದ್ದು.

“ಮತ್ಯಾಕ ಕೇಳ್ತಿದ್ದಿ ಹಂಗಾರ?”

“ಒಂದ್ ವರ್ಷರೆ ಖರೇ ಹೇಳ್ತೀಯೇನೋ ಅಂತ. ಇಲ್ಲಾ ಖರೇನ ಕುಂತು ಬರ್ತೀಯೇನೋ ಅಂತ.” ಸೆರಗಿನಿಂದ ಮುಖ ಒರೆಸಿಕೊಂಡಳು. “ನನಗೂ ಆಡೂದಿತ್ತು, ಸುಳ್ಳ್ಯಾಕ ಹೇಳ್ಲಿ. ಭಾಳ ಮನಸ್ಸಿತ್ತು. ಆದ್ರ ಬರೇ ನಾ ಒಬ್ಬಾಕಿನ ಆಡಾಕಂತ ಬಂದಿಲ್ಲ. ಊರು ಬಿಟ್ಟು ಬಂದ ಮ್ಯಾಲೆ ನಿನಗೊಂದು ಜೋಕಾಲಿ ಕಟ್ಟಲಿಲ್ಲ ನಾನು. ಮದುವಿ ಆಗಿ ಹೋಗಿದ್ರ ಪಂಚಮಿಗೆ ಕರಿಯಾಕ ಬರತಿದ್ದೆ, ಕಟ್ಟಸತಿದ್ದೆ. ನೀ ಮನ್ಯಾಗ ಇದ್ದಿ ಅಂತ ಮರತ್ಬಿಟ್ಟೆ. ನೀ ಬರೇ ದುಡದಿ.”

ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಂಡು ನನ್ನ ಹೆಗಲಿನಿಂದ ವ್ಯಾನಿಟಿ ಬ್ಯಾಗು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು.

“ತಾ ಇಲ್ಲೆ ಚೀಲ. ನಾ ಕಾಯ್ತೀನಿ. ನೀ ಹೋಗು.”

“ನನಗ ಅಂಜಿಕಿ ಅವ್ವಾ.”

“ಗಟ್ಟಿ ಹಿಡಕೋ. ಬಿದ್ದಿ ಅಂದ್ರ ಬಡೀತೀನಿ.”

ಹೋದೆ. ಆಪರೇಟರು ನನ್ನ ಮುಖ ನೋಡಿದ, ನಡುವಿನ ಸೀಟು ತೋರಿಸಿದ. “ಫಸ್ಟ್ ಟೈಮಾ ಮೇಡಂ? ಇಲ್ಲಿ ಕೂತ್ಕೊಳ್ಳಿ, ಜಾಸ್ತಿ ಎತ್ತಲ್ಲ.” ಕಬ್ಬಿಣದ ಸರಳು ತೊಡೆಯ ಮೇಲೆ ಬಂದು ಕೂತಿತು. ಹಡಗು ಮೊದಲು ತೊಟ್ಟಿಲಿನ ಹಾಗೆ ಸಣ್ಣಗೆ ಅಲುಗಿತು. ಆಮೇಲೆ ನನ್ನ ಹೊಟ್ಟೆ ಕೆಳಗೇ ಉಳಿದು ನಾನು ಮಾತ್ರ ಮೇಲೆ ಹೋದೆ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದೆ. ಅಕ್ಕಪಕ್ಕದವರೆಲ್ಲ ಕಿರುಚುತ್ತಿದ್ದರು. ನಾನೂ “ಅವ್ವಾ” ಎಂದು ಕಿರುಚಿದೆನಂತೆ, ಪಕ್ಕದಲ್ಲಿ ಕೂತಿದ್ದ ಹೆಂಗಸರು ಆಮೇಲೆ ಹೇಳಿದರು.

ಮೂರನೆಯದೋ ನಾಲ್ಕನೆಯದೋ ಜೀಕಿಗೆ ಕಣ್ಣು ತೆರೆದೆ. ಹೊಂಗೆ ಮರದ ನೆತ್ತಿ ನನ್ನ ಕಾಲ ಕೆಳಗಿತ್ತು. ಕೊಂಬೆಗಳ ಸಂದಿಯಿಂದ ಬೆಂಚು ಕಾಣಿಸಿತು. ಹತ್ತೊಂಬತ್ತು ವರ್ಷ ನಾನು ಕೂತ ಜಾಗವನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. ಎಷ್ಟು ಸಣ್ಣ ಜಾಗ! ಅಷ್ಟರಲ್ಲೇ ಯಾರೋ ತಮ್ಮ ಬ್ಯಾಗುಗಳನ್ನೂ ಚಪ್ಪಲಿಗಳನ್ನೂ ಅವ್ವನ ಸುತ್ತ ಇಟ್ಟು ಹೋಗಿದ್ದರು. ನಂಬಿಕಸ್ತ ಮುಖ ಅವಳದು. ಆ ಬ್ಯಾಗುಗಳ ನಡುವೆ ಹಸಿರು ಸೀರೆಯ ಅವ್ವ ಹಡಗನ್ನೇ ನೋಡುತ್ತಾ ಕೂತಿದ್ದಳು. ಹಡಗು ಅವಳ ಕಡೆಯಿಂದ ಇಳಿದು ದೂರ ಹೋಗುವಾಗಲೆಲ್ಲ ಅವಳ ಎರಡೂ ಅಂಗೈ ಮುಂದಕ್ಕೆ ಹೋಗುತ್ತಿದ್ದವು. ಏನು ಮಾಡುತ್ತಿದ್ದಾಳೆ ಎಂದು ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅವಳು ನನ್ನನ್ನು ತೂಗುತ್ತಿದ್ದಳು.

ಇಳಿದು ಬಂದೆ. ಮಲ್ಲಿಗೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಜಡೆ ಬಿಚ್ಚಿ ಕೂದಲೆಲ್ಲ ಮುಖದ ಮೇಲೆ ಬಂದಿತ್ತು. ನೆರೆತ ಕೂದಲನ್ನು ಒಳಗೆ ಸೇರಿಸಿ ಹೆಣೆದಿರುತ್ತಾಳೆ ಅವ್ವ, ಅದೂ ಹೊರಗೆ ಬಿದ್ದಿತ್ತು. ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಸರಿಯಾಗಿ ತಿಳಿಯದು. ಬಂದವಳೇ ಅವಳ ಕಾಲ ಬಳಿ ನೆಲದ ಮೇಲೆ ಬೆನ್ನು ಕೊಟ್ಟು ಕೂತೆ, ಜಡೆ ಹಾಕಲಿ ಎಂದು.

ಹೆಂಗಿತ್ತು ಎಂದು ಅವಳು ಕೇಳಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, ಸಿಕ್ಕುಗಟ್ಟಿದ ಕೂದಲಿನೊಳಗೆ ಬೆರಳು ಆಡಿಸಿ ಆಡಿಸಿ ನೋಡಿದಳು. ಜಡೆ ಹಾಕುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಬೆನ್ನ ಮೇಲೆ ಎರಡೂ ಅಂಗೈ ಇಟ್ಟು ಮೆಲ್ಲಗೆ ತಳ್ಳಿದಳು.

“ಈಗ ಬ್ಯಾಡ” ಎಂದಳು. “ಇನ್ನೊಮ್ಮೆ ಹೋಗಿ ಬಾ. ಆಮ್ಯಾಲೆ ಹೆಣೀತೀನಿ.”